ಎಡಕ್ಕೆಳೆದ ಮನೆಗಾಡಿಗೆ ಬಲಕ್ಕೆ ಕಟ್ಟಿದ ಪಾಸಂಗ

ತಕ್ಕಡಿಯಕ್ಕನ ಮುತ್ತಜ್ಜ ಮೊಂಡುಮೂಗಿನಜ್ಜ. ಅವನು ಮಾಡಿದ ತಕ್ಕಡಿಯಲ್ಲಿ ಒಂದು ತಟ್ಟೆಯ ಮೇಲೆ ನೊಣ ಕೂತರೆ ಸಾಕು, ಇನ್ನೊಂದು ತಟ್ಟೆ ಏಳುತ್ತಿತ್ತು. ಧಾನ್ಯದ ವ್ಯಾಪಾರಿಯೊಬ್ಬ ಬಂದು, "ಸ್ವಲ್ಪ ನನ್ನ ಕಡೆ ಮಾತಾಡೋ ತಕ್ಕಡಿ ಮಾಡಿಕೊಡಪ್ಪ" ಅಂದನಂತೆ. ಮುತ್ತಜ್ಜ ಆ ಮನುಷ್ಯನನ್ನೇ ಎತ್ತಿ ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಕೂರಿಸಿದ. ಎದುರು ತಟ್ಟೆಗೆ ಒಂದು ಮೂಟೆ ಹಾಕಿದ. ಮುಳ್ಳು ನೆಟ್ಟಗೆ ನಿಂತಿತು. "ನಿನ್ನ ತೂಕ ಇಷ್ಟು. ಮೂಟೆ ಬಿಚ್ಚಿ ನೋಡು, ಬರೀ ಹೊಟ್ಟು" ಅಂದು ಬೀದಿಗೆ ಬೀದಿಯೇ ನಗುವಂತೆ ಮಾಡಿ ಕಳಿಸಿದ.

ಅಜ್ಜಿ ಸೀಸದಜ್ಜಿ. ಅವಳ ಸೊಂಟದ ಚೀಲದಲ್ಲಿ ಯಾವಾಗಲೂ ಸೀಸದ ಚೂರುಗಳು. ತಕ್ಕಡಿಯ ಒಂದು ತಟ್ಟೆ ಹಗುರವಾಗಿದ್ದರೆ ಅದರ ಕೆಳಗೆ ಒಂದು ಚೂರು ಕಟ್ಟಿ ಸರಿತೂಗಿಸುತ್ತಾರಲ್ಲ, ಆ ಪಾಸಂಗ ಕಟ್ಟುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಗಂಡ ಹೆಂಡಿರು ಜಗಳವಾಡುತ್ತ ಅಂಗಡಿಗೆ ಬಂದರೂ ಅವಳದು ಅದೇ ಲೆಕ್ಕ. ಯಾರ ದನಿ ಸಣ್ಣದೋ ಅವರ ಪಕ್ಷ ಹಿಡಿದು ಕೂಗಾಡುವಳು. ಜಗಳ ಸಮವಾಗುವುದು. ಸಮವಾದ ಜಗಳದಲ್ಲಿ ಗೆಲ್ಲುವವರಿಲ್ಲದೆ ಇಬ್ಬರೂ ಸುಸ್ತಾಗಿ ಮನೆಗೆ ಹೋಗುವರು.

ಇನ್ನು ಅಪ್ಪ. ತುಂಬಿದ ಹೊಳೆಯಲ್ಲಿ ದೋಣಿ ಒಂದು ಪಕ್ಕಕ್ಕೆ ವಾಲಿ ಜನರೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದಾಗ ಎದ್ದು ನಿಂತು, "ಕೂಗಬೇಡಿ, ದಪ್ಪಗಿರೋರೆಲ್ಲ ಈ ಕಡೆ ಬನ್ನಿ!" ಅಂದವನು ಅವನು. ಒಬ್ಬರೂ ಕದಲಲಿಲ್ಲ. ತಾನು ದಪ್ಪ ಅಂತ ಒಪ್ಪಿಕೊಳ್ಳುವುದಕ್ಕಿಂತ ಮುಳುಗುವುದೇ ಮೇಲು ಅಂತ ಕೂತರು. ಆಗ ಅಪ್ಪ, "ನೀವಾಗಿ ಬರ್ತೀರೋ, ನಾನೇ ತೂಕ ಕೂಗಲೋ?" ಅಂದ. ಏಳು ಜನ ಒಟ್ಟಿಗೆ ಎದ್ದರು. ದೋಣಿ ದಡ ಸೇರಿತು. ಅವರಲ್ಲಿ ಮೂವರು ಸಾಯುವವರೆಗೂ ಅಪ್ಪನ ಜೊತೆ ಮಾತು ಬಿಟ್ಟಿದ್ದರು.

"ವಾಲದ ವಸ್ತು ಲೋಕದಲ್ಲಿಲ್ಲ, ಎದುರು ತೂಕವಿಟ್ಟರೆ ನೇರವಾಗದ ವಸ್ತುವೂ ಇಲ್ಲ" ಎಂಬುದು ಆ ಮನೆತನದ ಮಾತು. ಇದರ ಜೊತೆಗೆ ಅಪ್ಪ ಇನ್ನೊಂದು ಮಾತನ್ನೂ ಹೇಳುತ್ತಿದ್ದ. ಅದು ಇಷ್ಟು ಚೆಂದಾಗಿ ಕಿವಿಗೆ ಬೀಳುತ್ತಿರಲಿಲ್ಲವಾದ್ದರಿಂದ ಮಕ್ಕಳಿಬ್ಬರೂ ಮರೆತುಬಿಟ್ಟರು. ಅದು ಅದರ ಜಾಗದಲ್ಲಿ ಬರುತ್ತದೆ.

ಆ ಮಕ್ಕಳಲ್ಲಿ ಹಿರಿಯಳೇ ತಕ್ಕಡಿಯಕ್ಕ. ಹನ್ನೆರಡಕ್ಕೆ ಅಪ್ಪನ ಪಕ್ಕ ಕೂತು ಅರ ಹಿಡಿದವಳು ಅರವತ್ತನಾಲ್ಕು ತುಂಬಿದರೂ ಕೆಳಗಿಟ್ಟಿಲ್ಲ. ಮುಳ್ಳಿನ ತಕ್ಕಡಿ ಹಿಂದೆ ಸರಿದು ಅಂಕಿ ಮಿನುಗುವ ತಕ್ಕಡಿ ಬಂದಾಗ, "ಮುಗೀತು ನಿನ್ನ ಆಟ" ಅಂದವರೇ ಎಲ್ಲ. ಅವಳು ಕೆಟ್ಟುಹೋದ ನಾಲ್ಕು ಹೊಸ ತಕ್ಕಡಿ ತಂದು, ಬಿಚ್ಚಿ ಹರಡಿಕೊಂಡು, ಒಬ್ಬರನ್ನೂ ಕೇಳದೆ ಕಲಿತಳು. ಮೊದಲು ಜೋಡಿಸಿದ್ದು ಟೊಮೆಟೊ ಇಟ್ಟರೆ ಸೊನ್ನೆಯಿಂದ ಕೆಳಗಿಳಿಯುತ್ತಿತ್ತು. ಎರಡನೆಯದು ಏನೂ ಇಡದಿದ್ದರೂ ಮೂರು ಕಿಲೋ ಅನ್ನುತ್ತಿತ್ತು. ಮೂರನೆಯದು ನಿಜ ಹೇಳಿತು. ನಾಲ್ಕನೆಯದನ್ನು ಕಣ್ಣು ಮುಚ್ಚಿಕೊಂಡು ಜೋಡಿಸಿದಳು.

ರಸ್ತೆ ಅಗಲ ಮಾಡುವಾಗ ಅಂಗಡಿ ಬಿತ್ತು. ಜನ ಅಯ್ಯೋ ಪಾಪ ಅನ್ನಲು ಬಂದರೆ ಅವಳು ಮನೆಗಾಡಿಯ ಚಕ್ರ ಒದ್ದು ನೋಡುತ್ತ ನಿಂತಿದ್ದಳು. "ಗಿರಾಕಿ ಅಂಗಡಿಗೆ ಬರೋದು ಹಳೇ ಕಾಲ. ಇನ್ನು ಅಂಗಡೀನೇ ಗಿರಾಕಿ ಹತ್ರ ಹೋಗುತ್ತೆ!"

ಮನೆಗಾಡಿ ಅಂದರೆ ಹೆಸರಿಗೆ ತಕ್ಕ ಗಾಡಿ, ಹೆಸರಿಗೆ ತಕ್ಕ ಮನೆ. ಬದಿಯಲ್ಲಿ ಬಾಗಿಲು. ಹತ್ತಿದ ಕೂಡಲೇ ಎರಡು ಉರಿಯ ಒಲೆ, ಟೋಪಿಯಷ್ಟಗಲದ ತೊಟ್ಟಿ. ಮಡಚಿದರೆ ಮಂಚವಾಗುವ ಮೇಜು. ಡ್ರೈವರ್ ತಲೆಯ ಮೇಲೆ ಅಟ್ಟದಂಥ ಇನ್ನೊಂದು ಮಲಗುವ ಜಾಗ. ಹಿಂದಿನ ಕಿಟಕಿಯ ಕೆಳಗೆ ಅವಳ ಕೆಲಸದ ಹಲಗೆ, ಅದರ ಪಕ್ಕ ಎರಕದ ಕಬ್ಬಿಣದ ತೂಕದ ಬಟ್ಟುಗಳ ಪೆಟ್ಟಿಗೆ. ವಾರದ ಐದು ದಿನ ಐದು ಊರಿನ ಮಾರುಕಟ್ಟೆ. ತರಕಾರಿಯವರು, ಮಾಂಸದವರು, ಚಿನ್ನದ ಕೆಲಸದವರು ತಕ್ಕಡಿ ಹಿಡಿದು ಸಾಲು ನಿಲ್ಲುವರು. ವಾರದ ಕೊನೆಗೆ ಮಗಳ ಕನ್ನಡಕದಂಗಡಿಯ ಹಿಂದಿನ ಬಯಲಿನಲ್ಲಿ ಗಾಡಿ ನಿಲ್ಲುವುದು.

ಜೊತೆಗೆ ಗಂಡ. ಮೂವತ್ತನಾಲ್ಕು ವರ್ಷ ಬೀದಿ ಬೀದಿ ಸುತ್ತಿ ಕಾಗದ ಹಂಚಿ ನಿವೃತ್ತನಾದವನು. ಊರಿಗೆಲ್ಲ ಅಂಚೆಯಣ್ಣ. ಕಡ್ಡಿಯಂಥ ಮನುಷ್ಯ, ಗಾಳಿ ಬಂದರೆ ಕಿಟಕಿ ಮುಚ್ಚಬೇಕು. ಅಡುಗೆ ಅವನದು, ದಾರಿ ಹೇಳುವುದೂ ಅವನದು. ಅಡುಗೆ ಚೆನ್ನಾಗಿ ಮಾಡುತ್ತಿದ್ದ.

ಹೀಗೆ ಒಂದೂವರೆ ವರ್ಷ ಹಕ್ಕಿಯ ಹಾಗೆ ಸುತ್ತಿದರು. ಆಮೇಲೆ ಗಾಡಿ ಎಡಕ್ಕೆ ಎಳೆಯತೊಡಗಿತು.

ಮೊದಮೊದಲು ಹಟದ ಮಗು ಅಂಗಡಿ ಕಂಡಾಗ ಕೈ ಜಗ್ಗುವಷ್ಟು. ತಕ್ಕಡಿಯಕ್ಕ ಚಕ್ರದ ಗಾಳಿ ನೋಡಿಸಿದಳು, ಸರಿಯಿತ್ತು. "ಮಿಸ್ತ್ರಿಗೆ ತೋರಿಸೋಣ್ವೇನೇ?" ಅಂದ ಅಂಚೆಯಣ್ಣ.

"ರೀ, ವಾಲೋದನ್ನ ನೆಟ್ಟಗೆ ಮಾಡೋಕೆ ನನಗೆ ಇನ್ನೊಬ್ಬ ಬೇಕಾ? ಯಾರ ಮೊಮ್ಮಗಳು ನಾನು?"

ಸೀಸದಜ್ಜಿಯ ಮೊಮ್ಮಗಳು ಗಾಡಿಗೆ ಪಾಸಂಗ ಕಟ್ಟಿದಳು. ಬಟ್ಟುಗಳ ಪೆಟ್ಟಿಗೆ ಬಲಕ್ಕೆ ಬಂತು. ಗಾಡಿ ಒಂದು ವಾರ ತೆಪ್ಪಗಿತ್ತು, ಮತ್ತೆ ಎಳೆಯಿತು. ಅರ, ಇಕ್ಕಳ, ಸುತ್ತಿಗೆಗಳ ಪೆಟ್ಟಿಗೆ ಬಲಕ್ಕೆ ಹೋಯಿತು. ಆಮೇಲೆ ಈರುಳ್ಳಿ ಆಲೂಗಡ್ಡೆಯ ಮೂಟೆ, ನೀರಿನ ಕ್ಯಾನುಗಳು. ಕೊನೆಗೆ ಎಡಗಡೆಯ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದ ಗಂಡನನ್ನೂ ಎಬ್ಬಿಸಿ ತನ್ನ ಬೆನ್ನ ಹಿಂದೆ ಕೂರಿಸಿದಳು.

"ನಾನೆಷ್ಟು ತೂಗ್ತೀನಿ ಅಂತ ನನ್ನೂ ಎಬ್ಬಿಸ್ತೀಯೇ?"

"ಹನಿ ಹನಿ ಕೂಡಿದರೆ ಹಳ್ಳ ಅಲ್ವೇನ್ರೀ."

ಅಲ್ಲಿಂದ ಅವನಿಗೆ ಕಾಣುತ್ತಿದ್ದುದು ಹೆಂಡತಿಯ ಮುಡಿ ಮಾತ್ರ. ಅದನ್ನು ನೋಡಿಕೊಂಡೇ "ಬಲಕ್ಕೆ ತಿರುಗು" ಅನ್ನುತ್ತಿದ್ದ. ದಾರಿ ಮೊದಲಿಗಿಂತ ಹೆಚ್ಚೇನೂ ತಪ್ಪಲಿಲ್ಲ.

ಪಾಸಂಗ ಹೆಚ್ಚಿದಷ್ಟೂ ಎಳೆತ ಹೆಚ್ಚಿತು. ಒಂದು ಬೆಳಿಗ್ಗೆ ಗಾಡಿ ರಸ್ತೆಯಂಚಿನ ಎಲೆಕೋಸಿನ ರಾಶಿಗೆ ನುಗ್ಗಿ ನಿಂತಿತು. ಯಾರಿಗೂ ಏಟಾಗಲಿಲ್ಲ, ಕೋಸುಗಳು ಮಾತ್ರ ಇಳಿಜಾರಿನಲ್ಲಿ ಶಾಲೆ ಬಿಟ್ಟ ಮಕ್ಕಳ ಹಾಗೆ ಓಡಿದವು. ಅವುಗಳ ಹಿಂದೆ ಕೋಸಿನ ಹೆಂಗಸು, ಅವಳ ಹಿಂದೆ ತಕ್ಕಡಿಯಕ್ಕ, ಅವಳ ಹಿಂದೆ ಬಾಣಲೆ ಹಿಡಿದ ಅಂಚೆಯಣ್ಣ. ಸುದ್ದಿ ಗಾಡಿಗಿಂತ ಬೇಗ ಮಗಳಿಗೂ ತಮ್ಮನಿಗೂ ಮುಟ್ಟಿತು.

ತಮ್ಮನ ಬಗ್ಗೆ ಎರಡು ಮಾತು ಹೇಳಬೇಕು. ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಬಸ್ಸಿನ ಮೈಮೇಲೆ ಒಂದು ಗೀರು ಬೀಳಿಸದೆ ನಿವೃತ್ತನಾದವನು. 'ಒಂದು ಗೀರೂ ಇಲ್ಲ' ಅಂತ ಬರೆದ ಹಿತ್ತಾಳೆ ಫಲಕ ಅವನ ಮನೆಯ ಗೋಡೆಯಲ್ಲಿತ್ತು. ಅದನ್ನು ದಿನಾ ಒರೆಸಿ ಒರೆಸಿ ಅದರ ಮೇಲೆ ಗೀರು ಬಿದ್ದಿದ್ದವು. ಆಳು ತೊಂಬತ್ತೈದು ಕಿಲೋ. ಜನ ಅವನನ್ನು ಗೀರಿಲ್ಲದ ಡ್ರೈವರ್ ಅನ್ನುತ್ತಿದ್ದರು.

ಆ ಭಾನುವಾರ ಮನೆಗಾಡಿಯೊಳಗೆ ಪಂಚಾಯಿತಿ ಸೇರಿತು. ಮಗಳು ಕನ್ನಡಕದಂಗಡಿಯಿಂದ ಅಕ್ಷರಗಳ ಹಲಗೆಯನ್ನೇ ಹೊತ್ತು ತಂದಿದ್ದಳು.

"ಅಮ್ಮ, ಕೊನೇ ಸಾಲು ಓದು."

"ನಿನ್ನ ಹೆಗಲ ಮೇಲೆ ಇರುವೆ ಹರೀತಿದೆ. ಅದನ್ನ ಓದ್ಲಾ?"

ಮಗಳು ಹೆಗಲು ಕೊಡವಿಕೊಂಡಳು. ಇರುವೆ ಬಿತ್ತು. ಕಣ್ಣಿನ ಮಾತು ಅಲ್ಲಿಗೆ ನಿಲ್ಲಬೇಕಿತ್ತು, ಆದರೆ ತಮ್ಮ ಗಂಟಲು ಸರಿಮಾಡಿಕೊಂಡ. "ಕಣ್ಣಲ್ಲ ಅಕ್ಕಾ, ಕೈ. ವಯಸ್ಸಾದ ಮೇಲೆ ಒಂದು ಕೈ ಜಗ್ಗುತ್ತೆ. ಗಾಡಿ ಎಳೆಯಲ್ಲ, ಕೈ ಎಳೆಯುತ್ತೆ."

"ಗಾಡೀನೇ ಕಣೋ ಎಳೀತಿರೋದು!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ತಕ್ಕಡಿಯಕ್ಕನ ಮೂಗಿನ ತುದಿ ಕೆಂಪಾಯಿತು. ಅದು ಮುತ್ತಜ್ಜನ ಮೂಗು, ಕೆಂಪಾದರೆ ಬೇಗ ಇಳಿಯುವುದಲ್ಲ. "ಬಾ ಹೊರಗೆ! ಬಯಲಲ್ಲಿ ಗೆರೆ ಎಳಿ. ಗೆರೆ ಮೇಲೆ ಓಡಿಸಿ ತೋರಿಸ್ತೀನಿ. ತಪ್ಪಿದರೆ ಕೀಲಿಕೈ ನಿಂಗೆ!"

ಆಡಿದ ಮೇಲೆ ಲೆಕ್ಕ ತಲೆಗೆ ಬಂತು. ಕೀಲಿಕೈ ಹೋದರೆ ಅಂಗಡಿ ಹೋದಂತೆ, ಐದು ಊರು ಹೋದಂತೆ. ಮಗಳ ಮನೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಹೋಗಿಬರುವವರನ್ನು ಎಣಿಸುವುದೇ ಉಳಿದದ್ದು. ಆದರೆ ಆಡಿದ ಮಾತು, ಒಡೆದ ಮುತ್ತು.

ತಮ್ಮ ಸುಣ್ಣದಿಂದ ಬಯಲುದ್ದಕ್ಕೂ ಗೆರೆ ಎಳೆದ. ನೂರಾರು ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದವನ ಗೆರೆ, ದಾರ ಹಿಡಿದ ಹಾಗಿತ್ತು. ಬಯಲಿನ ಎಡಕ್ಕೆ ಹಣ್ಣಿನವರ ಖಾಲಿ ಬುಟ್ಟಿಗಳ ಗೋಪುರ. ಸುತ್ತ ಇಪ್ಪತ್ತು ಮಂದಿ ಸೇರಿದರು. ತಕ್ಕಡಿಯಕ್ಕ ಹಲ್ಲು ಕಚ್ಚಿ ಸ್ಟೇರಿಂಗನ್ನು ಬಲಕ್ಕೆ ಹಿಡಿದು ಹೊರಟಳು. ಹತ್ತು ಮಾರು ನೆಟ್ಟಗೆ. ಇಪ್ಪತ್ತು ಮಾರು ನೆಟ್ಟಗೆ. "ಭೇಷ್!" ಅಂದ ಅಂಚೆಯಣ್ಣ ಬೆನ್ನ ಹಿಂದಿನಿಂದ. ಅಷ್ಟರಲ್ಲಿ ಗಾಡಿ ಮೂತಿ ತಿರುಗಿಸಿ ಬುಟ್ಟಿಗಳ ಗೋಪುರಕ್ಕೆ ಹೋಗಿ ತಲೆಯಿಟ್ಟಿತು. ಬುಟ್ಟಿಗಳು ಒಂದೊಂದಾಗಿ ಇಳಿದು ಬಂದು ಮುಂದಿನ ಗಾಜು, ಕನ್ನಡಿ, ಮಾಡು ಎಲ್ಲಕ್ಕೂ ಟೋಪಿ ಹಾಕಿದವು. ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬುಟ್ಟಿಯವನೂ ನಕ್ಕ.

ತಕ್ಕಡಿಯಕ್ಕ ಇಳಿದು ಬಂದು ಕೀಲಿಕೈಯನ್ನು ತಮ್ಮನ ಅಂಗೈಯಲ್ಲಿಟ್ಟಳು. ಅದನ್ನು ಬಿಡುವಾಗ ಬೆರಳುಗಳು ಒಂದು ಗಳಿಗೆ ಹಿಂದೆ ಮುಂದೆ ನೋಡಿದವು. ಆಗ ಮಾತ್ರ ಯಾರೂ ನಗಲಿಲ್ಲ.

ಮಾರನೆಯ ದಿನದಿಂದ ತಮ್ಮನ ಕಾರುಬಾರು. ಬಸ್ಸಿನ ಖಾಕಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದ. ಹೊರಡುವ ಮುಂಚೆ ಅಭ್ಯಾಸಬಲದಿಂದ ಹಿಂದೆ ತಿರುಗಿ, "ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ" ಅಂದ. ಗಾಡಿಯಲ್ಲಿದ್ದವರು ಇಬ್ಬರು.

ತಕ್ಕಡಿಯಕ್ಕ ಕೆಲಸದ ಹಲಗೆಯ ಮುಂದೆ ಕೂತಳು. ಆದರೆ ತಕ್ಕಡಿಯ ಮುಂದೆ ಐವತ್ತು ವರ್ಷ ಕಳೆದವಳ ಕಣ್ಣು ಮುಳ್ಳು ಎಲ್ಲಿ ಅಲುಗಿದರೂ ಬಿಡುವುದಿಲ್ಲ. ತಮ್ಮನ ಬಲ ಭುಜ ಇಡೀ ದಿನ ಬಿಗಿದಿತ್ತು. ಸಂಜೆ ಇಳಿದವನು ತೋಳು ತಿಕ್ಕಿಕೊಂಡ.

"ಹೇಗಿದೆಯೋ ಗಾಡಿ?"

"ಬಾಣ ಬಿಟ್ಟ ಹಾಗೆ ಹೋಗುತ್ತೆ ಅಕ್ಕಾ."

ಎರಡನೆಯ ವಾರ ಅವನ ಮೂಗಿನ ಮೇಲೆ ಹೊಸ ಕನ್ನಡಕ ಬಂತು. "ಬಿಸಿಲಿಗೆ" ಅಂದ. ಮೋಡ ಮುಸುಕಿದ ದಿನ ಅದು. ಮಗಳು ಮಾತ್ರ ಅಂಗಡಿಯ ಬಾಗಿಲಲ್ಲಿ ನಿಂತು ಸೋದರಮಾವನ ಕಡೆ ನೋಡದೆ ಆಕಾಶ ನೋಡಿದಳು.

ಮೂರನೆಯ ವಾರ ತಕ್ಕಡಿಯಕ್ಕ ಮಾಂಸದವನ ತಕ್ಕಡಿ ಪರೀಕ್ಷಿಸಲು ಐದು ಕಿಲೋ ಬಟ್ಟು ಹುಡುಕಿದಳು. ಪೆಟ್ಟಿಗೆಯಲ್ಲಿಲ್ಲ. ಒಲೆಯ ಕೆಳಗಿಲ್ಲ. ಕೊನೆಗೆ ಡ್ರೈವರ್ ಸೀಟಿನ ಬಲಗಡೆ, ಬಾಗಿಲ ಸಂದಿನಲ್ಲಿ, ತಮ್ಮನ ಊಟದ ಚೀಲದೊಳಗೆ ಟವೆಲ್ ಸುತ್ತಿಕೊಂಡು ಮಲಗಿತ್ತು. ಅದರ ಪಕ್ಕ ಅದರ ಅಣ್ಣ, ಹತ್ತು ಕಿಲೋದ್ದು.

ಅವಳು ಅಲ್ಲೇ ನೆಲಕ್ಕೆ ಕೂತಳು. ಬಟ್ಟನ್ನು ಮಡಿಲಲ್ಲಿಟ್ಟುಕೊಂಡಳು. ಈ ತಪ್ಪನ್ನು ಈ ಲೋಕದಲ್ಲಿ ಎರಡೇ ಜನ ಮಾಡಬಲ್ಲರು. ಇಬ್ಬರೂ ಒಂದೇ ತಾಯಿಯ ಮಕ್ಕಳು.

"ರೀ," ಅಂದಳು ಮೆಲ್ಲಗೆ, "ಇವನೂ ಪಾಸಂಗ ಕಟ್ಟಿದಾನೆ."

ಈರುಳ್ಳಿ ಹೆಚ್ಚುತ್ತಿದ್ದ ಅಂಚೆಯಣ್ಣನ ಚಾಕು ನಿಂತಿತು. "ಅಂದ್ರೆ... ಎಳೀತಿರೋದು ಗಾಡೀನೇ?"

"ಗಾಡೀನೇ! ನನ್ನ ಕೈಯಲ್ಲ! ಪಾಪದವನು, ತನ್ನ ಕೈಯೇ ಹೋಯ್ತು ಅಂತ ಮೂರು ವಾರದಿಂದ ಬಾಯಿ ಬಿಡದೆ ಸಾಯ್ತಿದಾನೆ."

"ಕರೆದು ಕೇಳು ಮತ್ತೆ!"

ತಕ್ಕಡಿಯಕ್ಕ ಯೋಚಿಸಿದಳು. ಗೋಡೆಯ ಮೇಲಿನ ಹಿತ್ತಾಳೆ ಫಲಕ ಕಣ್ಣ ಮುಂದೆ ಬಂತು. ಆಡಿದರೆ ತಮ್ಮ ಮುಖ ಎಲ್ಲಿಡುತ್ತಾನೆ? ಆಡದಿದ್ದರೆ ತನ್ನ ಕೀಲಿಕೈ? ಜಗಳದಲ್ಲಿ ದನಿ ಸಣ್ಣದಾದವರ ಪಕ್ಷ ಹಿಡಿಯುವ ಸೀಸದಜ್ಜಿ ಒಳಗಿನಿಂದ ಕೆಮ್ಮಿದಳು. "ನಾಳೆ ಬೆಳಿಗ್ಗೆ ಒಬ್ಬನೇ ಇದ್ದಾಗ ಕೇಳ್ತೀನಿ" ಅಂದಳು.

ಆ ಬೆಳಿಗ್ಗೆ ಅವಳಿಗಿಂತ ಮೊದಲು ಪೋಸ್ಟ್‌ಮ್ಯಾನ್ ಬಂದ. ಸೈಕಲ್ಲಿನಿಂದ ಇಳಿಯದೆ ಅಂಚೆಯಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಗುರುಗಳೇ, ನಿಮ್ಮ ಮನೆಯವರಿಗೆ ರಿಜಿಸ್ಟರ್ ಕಾಗದ. ಎರಡೂವರೆ ತಿಂಗಳಿಂದ ನಿಮ್ಮ ಬಿದ್ದುಹೋದ ಅಂಗಡಿ ಹುಡುಕ್ತಿದೆ" ಅಂದ. ಲಕೋಟೆಯ ಮೈಮೇಲೆ ಜಾಗವಿಲ್ಲದಷ್ಟು ಮುದ್ರೆಗಳು. "ವಿಳಾಸ ಬದಲಾದರೆ ಒಂದು ಅರ್ಜಿ ಕೊಡಿ ಅಂತ ನಮಗೆಲ್ಲ ಪಾಠ ಹೇಳ್ತಿದ್ದೋರು ಯಾರು ಗುರುಗಳೇ?"

ಊರಿಗೆಲ್ಲ ಕಾಗದ ಮುಟ್ಟಿಸಿದವನ ಕಾಗದ ಊರೆಲ್ಲ ಅಲೆದಿತ್ತು. ದೀಪದ ಬುಡದಲ್ಲಿ ಕತ್ತಲೆ. ಅಂಚೆಯಣ್ಣನ ಕಿವಿ ಬಿಸಿಯಾದವು. ಆದರೂ ಶಿಸ್ತು ಬಿಡಲಿಲ್ಲ. ಹೆಂಡತಿಯಿಂದ ಸಹಿ ಹಾಕಿಸಿ, ಲಕೋಟೆಯನ್ನು ಅಂಚಿನಲ್ಲಿ ನಾಜೂಕಾಗಿ ಕತ್ತರಿಸಿ, ಎದ್ದು ನಿಂತು ಓದಿದ.

"ಮಾನ್ಯ ಗ್ರಾಹಕರೇ, ತಮ್ಮ ಮಾದರಿಯ ಎಲ್ಲ ಮನೆಗಾಡಿಗಳನ್ನೂ ಸುರಕ್ಷತೆಯ ಕಾರಣಕ್ಕೆ ಕಂಪನಿ ವಾಪಸು ಕರೆಸಿಕೊಳ್ಳುತ್ತಿದೆ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ಕೀಲಿನಲ್ಲಿ ದೋಷ ಕಂಡುಬಂದಿದ್ದು, ಅದು ಸವೆದು ಸಡಿಲಗೊಂಡಂತೆ ವಾಹನವು..." ಇಲ್ಲಿ ಅವನು ಕಾಗದವನ್ನು ಕಣ್ಣ ಹತ್ತಿರಕ್ಕೆ ತಂದ, "...ವಾಹನವು ಎಡಕ್ಕೆ ಎಳೆಯಬಹುದು."

"ಇನ್ನೊಂದ್ಸಲ ಓದ್ರೀ."

"ಎಡಕ್ಕೆ ಎಳೆಯಬಹುದು."

"ಇನ್ನೊಂದ್ಸಲ!"

"ಎಡಕ್ಕೆ ಎಳೆಯಬಹುದು, ಎಡಕ್ಕೆ ಎಳೆಯಬಹುದು, ಎಡಕ್ಕೆ ಎಳೆಯಬಹುದು ಕಣೇ!"

ತಕ್ಕಡಿಯಕ್ಕ ಗಂಡನ ಎರಡೂ ಕೈ ಹಿಡಿದು ಒಲೆಗೂ ತೊಟ್ಟಿಗೂ ನಡುವಿನ ಎರಡಡಿ ಜಾಗದಲ್ಲಿ ಗಿರಗಿರನೆ ತಿರುಗಿಸಿದಳು. ಅವನ ಕಾಲು ನೆಲ ಬಿಟ್ಟವು. ಚಹಾ ಉಕ್ಕಿ ಒಲೆ ಆರಿತು. ಬಾಣಲೆ ಬಿತ್ತು. ಗಾಡಿ ಗಡಗಡ ಅಲ್ಲಾಡುವುದನ್ನು ಕಂಡು ಮಗಳು ಅಂಗಡಿ ಬಿಟ್ಟು ಓಡಿ ಬಂದಳು, ಹಿಂದೆಯೇ ಒಂದು ಗಾಜಿನ ಕನ್ನಡಕ ಹಾಕಿಕೊಂಡ ಅವಳ ಗಿರಾಕಿ.

"ಅಮ್ಮ! ಏನಾಯ್ತು?"

"ನೆಲ ಡೊಂಕು ಕಣೇ! ನೆಲವೇ ಡೊಂಕು! 'ನಾನೇ ಡೊಂಕು' ಅಂತ ನೆಲವೇ ರಿಜಿಸ್ಟರ್ ಕಾಗದ ಬರೆದಿದೆ!"

ಆಗಲೇ ಖಾಕಿ ಅಂಗಿ ತೊಟ್ಟ ತಮ್ಮ ಬಂದ. ಮಗಳು ಕಾಗದವನ್ನು ಅವನ ಕೈಗಿಟ್ಟಳು. ಅವನು ಓದಿದ. ಕನ್ನಡಕ ತೆಗೆದು ಓದಿದ. ಮತ್ತೆ ಹಾಕಿಕೊಂಡು ಓದಿದ. ಆಮೇಲೆ ತೊಂಬತ್ತೈದು ಕಿಲೋದ ಮನುಷ್ಯ ಗಾಡಿಯ ಮೆಟ್ಟಿಲ ಮೇಲೆ ಧೊಪ್ಪನೆ ಕೂತು ಹೋ ಎಂದು ನಕ್ಕ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ.

"ಅಕ್ಕಾ, ನನ್ನ ಕೈ ಹೋಯ್ತು ಅಂದ್ಕೊಂಡಿದ್ದೆ. ಫಲಕ ಬಿಚ್ಚಿ ವಾಪಸು ಕೊಟ್ಟುಬಿಡೋಣ ಅಂತ ಮೊಳೆ ಸಡಿಲ ಮಾಡಿ ಇಟ್ಟಿದೀನಿ."

"ಗೊತ್ತು ಕಣೋ. ನಿನ್ನ ಊಟದ ಚೀಲ ಹದಿನೈದು ಕಿಲೋ ತೂಗಿತು."

ಅವನ ನಗು ನಿಂತಿತು. ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನ ಮುಖವಾಯಿತು. ಮಗಳು ಕಿಸಕ್ಕೆಂದಳು. "ಮಾವಂಗೆ ಕಣ್ಣು ಸರಿಯಾಗೇ ಇತ್ತಮ್ಮ. ಪವರ್ ಇಲ್ಲದ ಗಾಜು ಹಾಕಿಕೊಟ್ಟೆ. 'ಯಾರಿಗೂ ಹೇಳಬೇಡ, ಏನಾದರೂ ಒಂದು ಹಾಕು' ಅಂತ ಕಾಲು ಹಿಡಿಯೋದೊಂದು ಬಾಕಿ!"

"ಪವರ್ ಇಲ್ವಾ?" ಅಂದ ತಮ್ಮ ಕನ್ನಡಕ ಕಿತ್ತು ನೋಡುತ್ತ. "ನಂಗೆ ಚೆನ್ನಾಗಿ ಕಾಣ್ತಿತ್ತಲ್ಲೇ!"

ಕಾಗದದ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ದಯವಿಟ್ಟು ವಾಹನವನ್ನು ಒಂದಡಿಯೂ ಓಡಿಸಬೇಡಿ, ಫೋನ್ ಮಾಡಿದರೆ ನಾವೇ ಬಂದು ಒಯ್ಯುತ್ತೇವೆ ಅಂತಿತ್ತು. ಮಗಳು ಫೋನ್ ಮಾಡಿದಳು. ಮಾರನೆಯ ದಿನ ಕಂಪನಿಯ ಮಿಸ್ತ್ರಿ ಎಳೆಯುವ ಲಾರಿಯೊಂದಿಗೆ ಬಂದಳು. ನಿಮಗಿಂತ ನನಗಿಂತ ಎತ್ತರದ ಹೆಂಗಸು, ಜೇಬಿನ ತುಂಬ ಸ್ಪ್ಯಾನರ್‌ಗಳು. ಗಾಡಿಯನ್ನು ಸುತ್ತಿ ನೋಡಿ ಹುಬ್ಬು ಗಂಟಿಕ್ಕಿದಳು. ಗಾಡಿ ಬಲಕ್ಕೆ ವಾಲಿ, ಹಲ್ಲುನೋವಿನವರ ಕೆನ್ನೆಯ ಹಾಗೆ ಊದಿಕೊಂಡಿತ್ತು.

"ಇದೇನಮ್ಮ, ಒಂದೇ ಕಡೆ ಕಬ್ಬಿಣದ ಗಣಿ ಇಟ್ಟಿದೀರಿ?"

"ಪಾಸಂಗ" ಅಂದಳು ತಕ್ಕಡಿಯಕ್ಕ, ಗತ್ತಿನಿಂದ.

ಮಿಸ್ತ್ರಿ ಗಾಡಿಯಡಿಗೆ ನುಸುಳಿದಳು. ಆಮೇಲೆ ಕೆಳಗಿನಿಂದಲೇ, "ಅಮ್ಮ, ಇಲ್ಲಿ ಬಗ್ಗಿ ನೋಡಿ" ಅಂದಳು. ಅಕ್ಕ ತಮ್ಮ ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ನೋಡಿದರು. ಮಿಸ್ತ್ರಿ ಸರಳಿನ ಕೀಲನ್ನು ಎರಡೇ ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಬೀಳಲಿರುವ ಹಾಲುಹಲ್ಲಿನ ಹಾಗೆ ಲೊಡಲೊಡ ಅಂತು.

"ಇನ್ನೊಂದು ವಾರ ಓಡಿಸಿದ್ದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿರ್ತಿತ್ತು, ಚಕ್ರ ಅದರ ಪಾಡಿಗೆ ಹೋಗ್ತಿತ್ತು. ಎಳೀತಿದ್ದಾಗಲೇ ಯಾರಾದರೂ ಕೆಳಗೆ ಬಗ್ಗಿ ನೋಡಿದ್ದರೆ ಕಾಗದ ಬರೋವರೆಗೂ ಕಾಯಬೇಕಿರಲಿಲ್ಲ. ನೀವು ಭಾರ ಹೇರಿ ಹೇರಿ ರೋಗಾನ ಮುಚ್ಚಿಟ್ಟಿರಿ."

ತಕ್ಕಡಿಯಕ್ಕನ ಗತ್ತು ಇಳಿಯಿತು. ಮಣ್ಣಿನ ಮೇಲೆ ಮಲಗಿದ್ದ ಹಾಗೆಯೇ ತಮ್ಮನ ಮುಖ ನೋಡಿದಳು. ತಮ್ಮನೂ ಅವಳ ಮುಖ ನೋಡಿದ. ಇಬ್ಬರಿಗೂ ಒಂದೇ ಸಲ ಅಪ್ಪನ ಆ ಎರಡನೆಯ ಮಾತು ನೆನಪಾಯಿತು. ಅಂಗಡಿಯಲ್ಲಿ ಕೂತ ಮೊದಲ ದಿನವೇ, ಕಿವಿ ಹಿಂಡಿ ಹೇಳಿಕೊಟ್ಟ ಮಾತು.

"ಮೊದಲು ಕೀಲು ನೋಡು..." ಅಂದಳು ಅಕ್ಕ.

"...ಆಮೇಲೆ ಪಾಸಂಗ ಕಟ್ಟು" ಅಂದ ತಮ್ಮ.

"ಅಪ್ಪ ಇದ್ದಿದ್ದರೆ?"

"ಇಬ್ಬರ ಕಿವೀನೂ ಕೀಳ್ತಿದ್ದ."

ಮಿಸ್ತ್ರಿಗೆ ಈ ಇಬ್ಬರು ಮುದುಕರು ಗಾಡಿಯ ಕೆಳಗೆ ಮಲಗಿ ಯಾಕೆ ಉರುಳಾಡಿ ನಗುತ್ತಿದ್ದಾರೆಂದು ತಿಳಿಯಲಿಲ್ಲ. "ಪೆಟ್ರೋಲ್ ವಾಸನೆ ತಲೆಗೇರಿತಾ?" ಅಂತ ಅಂಚೆಯಣ್ಣನನ್ನು ಕೇಳಿದಳು. "ಇಲ್ಲ, ಇದು ವಂಶಕ್ಕೇ ಏರಿದೆ" ಅಂದ ಅವನು.

ಒಂಬತ್ತನೆಯ ದಿನ ಗಾಡಿ ವಾಪಸು ಬಂತು. ಹೊಸ ಸರಳು, ಹೊಸ ಕೀಲು. ತಕ್ಕಡಿಯಕ್ಕ ಒಳಗಿನದೆಲ್ಲವನ್ನೂ ಬಯಲಿಗೆ ತೆಗೆಸಿ, ಒಂದೊಂದನ್ನೂ ತೂಗಿ, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಬರುವಂತೆ ಜೋಡಿಸಿದಳು. ಬಲಗಡೆಯಿಂದ ಇಳಿದದ್ದು ಮುನ್ನೂರ ಹನ್ನೆರಡು ಕಿಲೋ, ಅಂಚೆಯಣ್ಣನನ್ನು ಬಿಟ್ಟು.

ಕೀಲಿಕೈ ಇನ್ನೂ ತಮ್ಮನ ಜೇಬಿನಲ್ಲಿತ್ತು. ಕೊಡಲು ಕೈ ಹಾಕಿದರೆ ಅವಳೇ ತಡೆದಳು. "ಗೆರೆ ಎಳಿ. ಓಡಿಸೋಕೆ ಒಂದು ಕೀಲಿ ಕೊಡು, ಇನ್ನೊಂದು ನಿನ್ನ ಹತ್ರಾನೇ ಇರಲಿ. ಗೆರೆ ಮೇಲೆ ಕಳೆದದ್ದು ಗೆರೆ ಮೇಲೇ ಸಿಗಬೇಕು."

ಮತ್ತೆ ಸುಣ್ಣದ ಗೆರೆ, ಮತ್ತೆ ಇಪ್ಪತ್ತು ಮಂದಿ. ಈ ಸಲ ಬುಟ್ಟಿಯವನು ಬುದ್ಧಿವಂತಿಕೆಯಿಂದ ಗೋಪುರವನ್ನು ಎಡದಿಂದ ಬಲಕ್ಕೆ ಸಾಗಿಸಿದ್ದ. ತಕ್ಕಡಿಯಕ್ಕ ಹೊರಟಳು. ಗಾಡಿಯ ಸ್ಟೇರಿಂಗ್ ಬೆಣ್ಣೆಯಂತಿತ್ತು. ಆದರೆ ತಿಂಗಳುಗಟ್ಟಲೆ ಬಲಕ್ಕೆ ಜಗ್ಗಿ ಜಗ್ಗಿ ಪಳಗಿದ ತೋಳುಗಳಿಗೆ ಯಾರು ಕಾಗದ ಬರೆದಿದ್ದರು? ಅವು ತಮ್ಮ ಪಾಡಿಗೆ ಬಲಕ್ಕೆ ಜಗ್ಗಿದವು. ಗಾಡಿ ಬಲಕ್ಕೆ ಹೋಗಿ ಗೋಪುರಕ್ಕೆ ತಲೆಯಿಟ್ಟಿತು.

"ನನ್ನ ಬುಟ್ಟಿಗಳಿಗೂ ನಿಮಗೂ ಯಾವ ಜನ್ಮದ ಋಣ ಅಕ್ಕಾ!" ಅಂತ ಬುಟ್ಟಿಯವನು ತಲೆ ಮೇಲೆ ಕೈ ಹೊತ್ತ.

ಬಯಲು ನಗೆಯಲ್ಲಿ ಮುಳುಗಿತು. ತಕ್ಕಡಿಯಕ್ಕ ನಗಲಿಲ್ಲ. ಗಾಡಿ ನಿಲ್ಲಿಸಿ, ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಅಂಗಾತ ಚಾಚಿ ಹಿಡಿದಳು. ತಕ್ಕಡಿಯ ತಟ್ಟೆಗಳು ತೂಗಾಡಿ ತೂಗಾಡಿ ನಿಲ್ಲುವ ತನಕ ಕಾಯುತ್ತಾರಲ್ಲ, ಹಾಗೆ ಕಾದಳು. ತೋಳು ಸಡಿಲವಾದವು. ಮುಳ್ಳು ನಿಂತಿತು ಅನ್ನಿಸಿದಾಗ ಕಣ್ಣು ತೆರೆದು, ಹಿಂದಕ್ಕೆ ಬಂದು, ಮತ್ತೆ ಹೊರಟಳು.

ಹತ್ತು ಮಾರು. ಇಪ್ಪತ್ತು ಮಾರು. ಅಂಚೆಯಣ್ಣ ಈ ಸಲ ಭೇಷ್ ಅನ್ನದೆ ಬಾಯಿ ಮುಚ್ಚಿಕೊಂಡಿದ್ದ. ಬಯಲು ಮುಗಿಯುವವರೆಗೂ ಬಿಳಿಯ ಗೆರೆ ಗಾಡಿಯ ನಡುಹೊಟ್ಟೆಯ ಕೆಳಗೇ ಓಡಿತು. ಚಕ್ರದ ಗುರುತು ಎಡಕ್ಕೊಂದು, ಬಲಕ್ಕೊಂದು, ಗೆರೆಯಿಂದ ಒಂದೇ ಅಳತೆ. ತಮ್ಮ ಗೇಣು ಹಾಕಿ ನೋಡಿದ. ನೆಲಕ್ಕೆ ಬಗ್ಗಿದ್ದವನು ಏಳುವ ಮುಂಚೆಯೇ ಶಿಳ್ಳೆ ಹೊಡೆದ. ಮಗಳು ಅಕ್ಷರದ ಹಲಗೆಯನ್ನು ತಮಟೆ ಮಾಡಿಕೊಂಡು ಬಡಿದಳು. ಬುಟ್ಟಿಯವನು ಒಂದು ಬುಟ್ಟಿಯನ್ನು ಆಕಾಶಕ್ಕೆ ಎಸೆದ.

ತಮ್ಮ ಕಿಟಕಿಯ ಹತ್ತಿರ ಬಂದು ಕೀಲಿಕೈಯ ಗೊಂಚಲಲ್ಲಿ ಉಳಿದಿದ್ದ ಎರಡನೆಯ ಕೀಲಿಯನ್ನೂ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಈ ಸಲ ಬೆರಳುಗಳು ಹಿಂದೆ ಮುಂದೆ ನೋಡಲಿಲ್ಲ, ಗಪ್ಪನೆ ಮುಚ್ಚಿಕೊಂಡವು. ಅಂಚೆಯಣ್ಣ ಬೆನ್ನ ಹಿಂದಿನಿಂದ ಎದ್ದು ಬಂದು ತನ್ನ ಹಳೆಯ ಜಾಗದಲ್ಲಿ, ಎಡಗಡೆಯ ಸೀಟಿನಲ್ಲಿ ಕೂತ. ನಕ್ಷೆಯನ್ನು ತಲೆಕೆಳಗಾಗಿ ಬಿಡಿಸಿದ.

"ಅಕ್ಕಾ," ಅಂದ ತಮ್ಮ, "ಇವತ್ತು ಮೊದಲನೇ ದಿನ. ನಾನೂ ಬರ್ತೀನಿ. ಏನೂ ಮಾತಾಡಲ್ಲ, ಸ್ಟೇರಿಂಗ್ ಮುಟ್ಟಲ್ಲ. ಭಾವನನ್ನ ಹಿಂದೆ ಕಳಿಸು, ಪಕ್ಕದಲ್ಲಿ ಸುಮ್ಮನೆ ಕೂತಿರ್ತೀನಿ. ಒಂದು ಧೈರ್ಯಕ್ಕೆ."

ತಕ್ಕಡಿಯಕ್ಕ ತಮ್ಮನನ್ನು ನೋಡಿದಳು. ತಲೆಯಿಂದ ಕಾಲಿನವರೆಗೆ, ಖಾಕಿ ಅಂಗಿಯ ಗುಂಡಿಗಳು ಎಳೆದು ನಿಂತಿದ್ದ ಹೊಟ್ಟೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು, ಅಪ್ಪ ದೋಣಿಯಲ್ಲಿ ನೋಡಿದ ಹಾಗೆಯೇ ನೋಡಿದಳು.

"ಬೇಡಪ್ಪ," ಅಂದಳು ಗಾಡಿ ಚಾಲೂ ಮಾಡುತ್ತ. "ನೀನು ಆ ಕಡೆ ಕೂತರೆ ಗಾಡಿ ಮತ್ತೆ ಎಡಕ್ಕೆ ಎಳೆಯುತ್ತೆ."